ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. ವಿದ್ಯುತ್ ಇಂಜಿನಿಯರಿಂಗ್ ಕಲಿಯಲೆಂದು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಈ ತರುಣನನ್ನು ಸರ್ ಸಿ. ವಿ. ರಾಮನ್ ಅವರು ಭೌತವಿಜ್ಞಾನದತ್ತ ಸೆಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ 1949ರಲ್ಲಿ ಸ್ವದೇಶಕ್ಕೆ ಮರಳಿದ ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಮೂವತ್ತರ ಆಸುಪಾಸಿನ ವಯಸ್ಸು.

ಅವರ ಸಾಧನೆಯ ಹಿರಿಮೆಯನ್ನು ಅರಿಯಬೇಕಾದರೆ ಜೀವಕೋಶದ ಒಳಗೆ ನಡೆಯುವ ಕಾರ್ಯವನ್ನು ತಿಳಿಯಬೇಕು. ಕೋಶಕೇಂದ್ರದಲ್ಲಿರುವ ಡಿ.ಎನ್.ಎ. ನಾಲ್ಕೇ ಅಕ್ಷರಗಳ ಒಂದು ಬರವಣಿಗೆಯಿದ್ದಂತೆ. ಅದರ ಪ್ರತಿಯನ್ನು ಆರ್.ಎನ್.ಎ. ಎಂಬ ದೂತನು ಕೋಶಕೇಂದ್ರದ ಹೊರಗಿನ ರೈಬೋಸೋಮಿಗೆ ಒಯ್ಯುತ್ತಾನೆ. ಅಲ್ಲಿ ಮೂರು ಮೂರು ಅಕ್ಷರಗಳನ್ನು ಒಂದೊಂದು ಪದವಾಗಿ ಓದಲಾಗುತ್ತದೆ. ಇಂಥ ಪದಗಳು 64. ಅವುಗಳಲ್ಲಿ 61 ಪದಗಳು 20 ಬಗೆಯ ಅಮೈನೊ ಆಮ್ಲಗಳನ್ನು ಸೂಚಿಸಿದರೆ, ಉಳಿದ ಮೂರು ಮುಕ್ತಾಯದ ಗುರುತುಗಳು. ಹೀಗೆ ಒಂದಾದ ಮೇಲೊಂದು ಅಮೈನೊ ಆಮ್ಲ ಸೇರಿ ಪ್ರೋಟೀನಿನ ಸರಪಣಿ ಬೆಳೆಯುತ್ತದೆ. ಚಾಮರಾಜನಗರ ಸೀಮೆಯ ರೇಷ್ಮೆಗೂಡಿನ ಎಳೆಯೂ ಇಂಥ ಪ್ರೋಟೀನೇ. ಆದರೆ ಸರಪಣಿಯು ತಕ್ಕ ರೂಪದಲ್ಲಿ ಮಡಿಚಿಕೊಂಡಾಗ ಮಾತ್ರ ತನ್ನ ಕೆಲಸವನ್ನು ಮಾಡಬಲ್ಲುದು. ಆ ರೂಪ ಯಾವುದು ಎಂಬುದೇ ರಾಮಚಂದ್ರನ್ ಅವರನ್ನು ಕಾಡಿದ ಪ್ರಶ್ನೆ.

ಚರ್ಮಕ್ಕೂ ಮೂಳೆಗೂ ಬಲ ನೀಡುವ ಪ್ರೋಟೀನು ಕೊಲಾಜೆನ್. ಅದರಲ್ಲಿ ಮೂರು ಸರಪಣಿಗಳು ಹುರಿಗೊಂಡ ಹಗ್ಗದಂತೆ ಸುತ್ತಿಕೊಂಡಿವೆ ಎಂಬುದನ್ನು ಅವರು ಗೋಪಿನಾಥ ಕರ್ತಾ ಅವರೊಡನೆ 1954–55ರಲ್ಲಿ ತೋರಿಸಿಕೊಟ್ಟರು. ಹುರಿಯ ಒಳಭಾಗ ಬಹಳ ಇಕ್ಕಟ್ಟು. ಆದುದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿ ಎಲ್ಲಕ್ಕಿಂತ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸೀನ್ ಇರಲೇಬೇಕು. ವಂಶವಾಹಿಯ ಒಂದು ಅಕ್ಷರ ತಪ್ಪಿ ಆ ಜಾಗದಲ್ಲಿ ಬೇರೊಂದು ಆಮ್ಲ ಬಂದು ಕುಳಿತರೆ ಮೂಳೆಗಳು ಸುಲಭವಾಗಿ ಮುರಿಯುವ ಕಾಯಿಲೆ ಉಂಟಾಗಬಹುದು.

ರಾಮಚಂದ್ರನ್ ಅವರ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಸಮೀಪವಾಗಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಸತ್ಯಾಂಶವಿತ್ತು, ಮಾದರಿಯ ಕೆಲವು ವಿವರಗಳು ಮುಂದೆ ಬದಲಾದವು, ಮೂರೆಳೆಯ ಹುರಿ ಮಾತ್ರ ಉಳಿಯಿತು. ರಾಮಚಂದ್ರನ್ ವಾದಕ್ಕೆ ನಿಲ್ಲದೆ ಆ ಆಕ್ಷೇಪವನ್ನೇ ಸಂಶೋಧನೆಯ ವಸ್ತುವಾಗಿಸಿಕೊಂಡರು. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು? ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಅಳತೆಗಳನ್ನು ಕಲೆಹಾಕಿ, ಸರಪಣಿಯ ಕೊಂಡಿಗಳು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲವೆಂಬುದನ್ನು ಲೆಕ್ಕಹಾಕಿದರು. 1963ರಲ್ಲಿ ಪ್ರಕಟವಾದ ಆ ನಕ್ಷೆಗೆ ರಾಮಚಂದ್ರನ್ ನಕ್ಷೆಯೆಂದೇ ಹೆಸರಾಯಿತು. ಹೊಸದಾಗಿ ಕಂಡುಕೊಂಡ ಪ್ರೋಟೀನಿನ ರಚನೆಯನ್ನು ವಿಜ್ಞಾನಿಗಳು ಇಂದಿಗೂ ಅದರ ಒರೆಗೆ ಹಚ್ಚುತ್ತಾರೆ.

ಮುಂದೆ ಅವರು ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲಿಯೇ ಅಣುಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ನೊಬೆಲ್ ಪಾರಿತೋಷಕ ಅವರಿಗೆ ದೊರೆಯಲಿಲ್ಲ. 2001ರ ಏಪ್ರಿಲ್ 7ರಂದು ಅವರು ಕಾಲವಶರಾದರು. ತಮ್ಮ ಕೃತಿಯಲ್ಲಿ ಇತರರು ಕಂಡ ಕೊರತೆಯಿಂದಲೇ ಅವರು ಜಗತ್ತಿಗೆಲ್ಲ ಉಪಯುಕ್ತವಾದ ಅಳತೆಗೋಲೊಂದನ್ನು ರೂಪಿಸಿಕೊಟ್ಟಿದ್ದರು.