ಸೊನ್ನೆಗೆ ಇಳಿಯದ ನೀರು

ಸೆಕೆಂಡ್ ಪಿಯುಸಿಯಲ್ಲಿ ಕೋಲ್‌ರಾಶ್ ನಿಯಮ ಅಂತ ಒಂದಿತ್ತು, ನೆನಪಿದೆಯಾ? ನಾವೆಲ್ಲ ಫಾರ್ಮುಲಾ ಬಾಯಿಪಾಠ ಮಾಡಿ, ಎರಡು ಪ್ರಾಬ್ಲಂ ಬಿಡಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟೆವು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕಂಡಕ್ಟಿವಿಟಿ ಸೆಲ್ ಸರಿಯಾಗಿ ತೊಳೆಯದೆ ಅದ್ದಿ, ರೀಡಿಂಗ್ ಕೆಡಿಸಿಕೊಂಡು, ಬೈಸಿಕೊಂಡಾಗಲೂ ಆ ಹೆಸರು ನೆನಪಿಗೆ ಬರಲಿಲ್ಲ. ಆದರೆ ಆ ಸೆಲ್‌ನ ಹಿಂದೆ, ಅದನ್ನು ತೊಳೆಯುವ ಶುದ್ಧ ನೀರಿನ ಹಿಂದೆ ಇರೋದು ಅದೇ ಮನುಷ್ಯ.

ಫ್ರೀಡ್ರಿಷ್ ಕೋಲ್‌ರಾಶ್ ಹುಟ್ಟಿದ್ದು 1840ರ ಅಕ್ಟೋಬರ್ 14ರಂದು, ಜರ್ಮನಿಯ ರಿಂಟೆಲ್ನ್ ಎಂಬ ಊರಿನಲ್ಲಿ. ತಂದೆ ರುಡಾಲ್ಫ್ ಕೂಡ ಭೌತವಿಜ್ಞಾನಿ. ಅವರು ವಿಲ್ಹೆಲ್ಮ್ ವೇಬರ್ ಜೊತೆ ಮಾಡಿದ ಒಂದು ಅಳತೆಯನ್ನೇ ಮುಂದೆ ಮ್ಯಾಕ್ಸ್‌ವೆಲ್, ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು ವಾದಿಸಲು ಬಳಸಿಕೊಂಡರು. ಅಷ್ಟರಲ್ಲಿ ರುಡಾಲ್ಫ್ ಬದುಕಿರಲಿಲ್ಲ. 1858ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ಹದಿನೇಳು ವರ್ಷ, ನಮಗಿಂತ ಚಿಕ್ಕವನು. ಆ ಹುಡುಗ ಗಟ್ಟಿಂಗೆನ್‌ಗೆ ಹೋಗಿ, ಅಪ್ಪನ ಜೊತೆಗಾರ ವೇಬರ್ ಅವರ ಬಳಿಯೇ ಓದಿ, 1863ರಲ್ಲಿ ಡಾಕ್ಟರೇಟ್ ಪಡೆದ. ಅಪ್ಪನಿಂದ ಬಂದ ಆಸ್ತಿ ಅಂದ್ರೆ ಅಳೆಯುವ ಹುಚ್ಚು.

ಕೋಲ್‌ರಾಶ್ ಹಿಡಿದ ಸಮಸ್ಯೆ ಇದು: ಉಪ್ಪು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ? ಡಿಸಿ ಕೊಟ್ಟರೆ ಎಲೆಕ್ಟ್ರೋಡ್ ಮೇಲೆ ಅನಿಲ ಕೂತು ಅಳತೆಯೇ ಸುಳ್ಳಾಗುತ್ತದೆ. ಅವರು ಎಸಿ ಬಳಸಿದರು. ಕರೆಂಟ್ ದಿಕ್ಕು ಬದಲಾಗುತ್ತಲೇ ಇದ್ದರೆ ಏನೂ ಕೂರಲ್ಲ. ಆದರೆ ಆಗಿನ ಮೀಟರ್‌ಗೆ ಎಸಿ ಕಾಣೋದು ಕಷ್ಟ. ಅದಕ್ಕೆ ಬ್ರಿಡ್ಜ್ ಸರ್ಕ್ಯೂಟ್‌ಗೆ ಆಗಷ್ಟೇ ಬಂದಿದ್ದ ಟೆಲಿಫೋನ್ ಜೋಡಿಸಿ, ಕಿವಿಗೆ ಹಿಡಿದು, ಸದ್ದು ತೀರ ಕಡಿಮೆಯಾಗುವ ಜಾಗ ಹುಡುಕುತ್ತಿದ್ದರು. ಎಸಿ ಬಳಸಿದ ಅಳತೆಗಳಿಂದಲೇ 1870ರ ದಶಕದಲ್ಲಿ ನಮ್ಮ ಪಿಯುಸಿ ನಿಯಮ ಬಂತು: ತೀರಾ ತೆಳುವಾದ ದ್ರಾವಣದಲ್ಲಿ ಪ್ರತಿ ಅಯಾನೂ ತನ್ನ ಪಾಲನ್ನು ತಾನೇ ಹೊರುತ್ತದೆ, ಪಕ್ಕದವರು ಯಾರಾದರೂ ಸರಿ.

ಇಲ್ಲೇ ತೊಡಕು. ದ್ರಾವಣ ತೆಳುವಾದಷ್ಟೂ ಉಪ್ಪಿನ ಪಾಲು ಕಡಿಮೆ, ನೀರಿನಲ್ಲಿರುವ ಕಲ್ಮಶದ ಪಾಲು ಜಾಸ್ತಿ. ಗಾಜು ಸ್ವಲ್ಪ ಸ್ವಲ್ಪ ಕರಗುತ್ತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಸೇರುತ್ತದೆ. ಹಾಗಾಗಿ ನೀರನ್ನೇ ಶುದ್ಧ ಮಾಡಬೇಕಾಯಿತು. ಮತ್ತೆ ಮತ್ತೆ ಬಟ್ಟಿ ಇಳಿಸಿದಂತೆ ವಾಹಕತೆ ಇಳಿಯುತ್ತಾ ಹೋಯಿತು. ಕೊನೆಗೆ ಸೊನ್ನೆ ಮುಟ್ಟುತ್ತಾ ಅನ್ನೋದೇ ಪ್ರಶ್ನೆ.

1894ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ, ಅಡಾಲ್ಫ್ ಹೈಡ್‌ವೈಲರ್ ಜೊತೆ ಸೇರಿ, ಗಾಳಿ ತಾಗದಂತೆ ನಿರ್ವಾತದಲ್ಲಿ ಬಟ್ಟಿ ಇಳಿಸಿದ ನೀರನ್ನು ಅಳೆದರು. 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರ್‌ಗೆ ಸುಮಾರು 0.043 ಮೈಕ್ರೋಸೀಮೆನ್ಸ್. ಉಳಿದ ಕಲ್ಮಶವನ್ನೂ ಲೆಕ್ಕದಲ್ಲಿ ಕಳೆದರೆ ಸುಮಾರು 0.038. ಸೊನ್ನೆ ಅಲ್ಲ! ಯಾಕಂದ್ರೆ ಇದು ಕಲ್ಮಶ ಅಲ್ಲ, ನೀರೇ. ಕೆಲವೇ ಕೆಲವು ಅಣುಗಳು ತಾವಾಗಿಯೇ ಒಡೆದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳಾಗಿರುತ್ತವೆ. ಶುದ್ಧ ನೀರಿನ ಪಿಹೆಚ್ 7 ಅಂತ ನಾವು ಬರೆಯೋದರ ಬೇರು ಇದೇ.

1895ರಲ್ಲಿ ಕೋಲ್‌ರಾಶ್, ಹೆಲ್ಮ್‌ಹೋಲ್ಟ್ಸ್ ತೀರಿಕೊಂಡ ಮೇಲೆ ಖಾಲಿಯಾಗಿದ್ದ ಜಾಗಕ್ಕೆ, ಬರ್ಲಿನ್‌ನ ರಾಷ್ಟ್ರೀಯ ಅಳತೆ ಸಂಸ್ಥೆಯ ಮುಖ್ಯಸ್ಥರಾಗಿ ಹೋದರು. 1905ರವರೆಗೂ ಅಲ್ಲಿದ್ದರು. 1910ರ ಜನವರಿ 17ರಂದು ಮಾರ್‌ಬುರ್ಗ್‌ನಲ್ಲಿ ನಿಧನರಾದರು.

ಇವತ್ತಿನ ಅಲ್ಟ್ರಾಪ್ಯೂರ್ ವಾಟರ್ ಮೆಷಿನ್ 25 ಡಿಗ್ರಿಯಲ್ಲಿ 18.2 ಮೆಗಾಓಮ್-ಸೆಂಟಿಮೀಟರ್ ತೋರಿಸಿ ನಿಲ್ಲುತ್ತದೆ, ಅಂದ್ರೆ 0.055 ಮೈಕ್ರೋಸೀಮೆನ್ಸ್. ಚಿಪ್ ತೊಳೆಯುವ ಫ್ಯಾಕ್ಟರಿಗೂ ಅದೇ ಗಡಿ. ಫಿಲ್ಟರ್ ಎಷ್ಟೇ ಒಳ್ಳೇದಿರಲಿ ಅದನ್ನು ದಾಟಲ್ಲ. ಆ ನೀರನ್ನು ಬೀಕರ್‌ನಲ್ಲಿ ತೆರೆದಿಟ್ಟರೆ ಗಾಳಿ ಕುಡಿದು ಬೇಗನೆ ಕೆಡುತ್ತದೆ ಕೂಡ.

ಮುಂದಿನ ಲ್ಯಾಬ್‌ನಲ್ಲಿ ರೀಡಿಂಗ್ ಸೊನ್ನೆಗೆ ಬರಲಿಲ್ಲ ಅಂತ ನಾವು ಮೀಟರ್ ಬಡಿಯೋದು ಬೇಡ. ಮೊದಲು ಸೆಲ್ ಸರಿಯಾಗಿ ತೊಳೆಯೋಣ. ಆಮೇಲೂ ಉಳಿಯೋ ಆ ಚೂರಲ್ಲಿ ನೀರಿನದೇ ಒಂದು ಪಾಲಿದೆ ಅಂತ ನೆನಪಿಟ್ಟುಕೊಳ್ಳೋಣ.