ಯಜಮಾನನೂ ದುಡಿಯುವವರೂ: ಜಮ್‌ಶೇಟ್‌ಜಿ ತಾತಾರವರ ಮಾರ್ಗ

ಹೊಸದಾಗಿ ಕಾರಖಾನೆಯನ್ನಾಗಲಿ ವ್ಯಾಪಾರವನ್ನಾಗಲಿ ಆರಂಭಿಸಿದವರ ಬಾಯಲ್ಲಿ ನಾವು ಪದೇಪದೇ ಕೇಳುವ ದೂರೊಂದುಂಟು. ಸಂಬಳಕ್ಕೆ ಬಂದವರು ತಮ್ಮಷ್ಟು ಶ್ರದ್ಧೆಯಿಂದ ದುಡಿಯರು, ಹೊತ್ತಿಗೆ ಸರಿಯಾಗಿ ಬಾರರು, ಕೆಲಸ ಕಲಿತೊಡನೆ ಬಿಟ್ಟುಹೋಗುವರು ಎಂಬುದೇ ಆ ದೂರು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಲಾಭದಲ್ಲಿ ಪಾಲಿಲ್ಲದವನು ಒಡೆಯನ ಕಳವಳವನ್ನು ಮಾತ್ರ ಹೊರಬೇಕೆಂದು ಬಯಸುವುದು ನ್ಯಾಯವೆ? ಇದಕ್ಕೆ ಉತ್ತರವನ್ನು ಅರಸುವವರು ಜಮ್‌ಶೇಟ್‌ಜಿ ನಸರ್ವಾನ್‌ಜಿ ತಾತಾರವರ ಚರಿತ್ರೆಯನ್ನು ಅವಲೋಕಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತಾತಾರವರು 1839ನೆಯ ಇಸವಿ ಮಾರ್ಚಿ 3ರಂದು ನವಸಾರಿಯಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, ತಂದೆಯ ವ್ಯಾಪಾರದಲ್ಲಿ ಪಳಗಿ, 1868ರಲ್ಲಿ 21,000 ರೂಪಾಯಿಗಳ ಮೂಲಧನದಿಂದ ಸ್ವಂತ ವ್ಯಾಪಾರವನ್ನು ತೆರೆದರು. ಮುಂದೆ, ಹತ್ತಿ ಬೆಳೆಯುವ ಸೀಮೆಗೆ ಸಮೀಪವಾದ ನಾಗಪುರದಲ್ಲಿ ಅವರು ಕಟ್ಟಿಸಿದ ಎಂಪ್ರೆಸ್ ಗಿರಣಿಯು 1877ನೆಯ ಜನವರಿ 1ರಂದು ಕೆಲಸಕ್ಕೆ ತೊಡಗಿತು.

ಆ ಗಿರಣಿಗೆ ಮ್ಯಾನೇಜರನನ್ನು ಆರಿಸಿದ ರೀತಿಯು ಮೊದಲನೆಯ ಪಾಠ. ತಾತಾರವರು ನೇಮಿಸಿದ ಬೇಜನ್‌ಜಿ ದಾದಾಭಾಯಿ ಮೆಹತಾರವರು ರೈಲ್ವೆಯ ನೌಕರಿಯಲ್ಲಿದ್ದವರು. ನೂಲು ನೇಯ್ಗೆಗಳ ಅನುಭವ ಅವರಿಗಿರಲಿಲ್ಲ. ಅವರಲ್ಲಿದ್ದುದು ಜನರನ್ನು ನಡೆಯಿಸುವ ಜಾಣ್ಮೆ ಮತ್ತು ಪ್ರಾಮಾಣಿಕತೆ. ಯಂತ್ರಗಳ ವಿಷಯಕ್ಕೆ ಲ್ಯಾಂಕಷೈರಿನ ಜೇಮ್ಸ್ ಬ್ರೂಕ್ಸ್‌ಬಿ ಎಂಬ ನಿಪುಣರನ್ನು ಬೇರೆಯಾಗಿ ಕರೆಯಿಸಿಕೊಂಡರು. ಸಕಲ ಗುಣಗಳೂ ಒಬ್ಬನಲ್ಲೇ ಇರಬೇಕೆಂದು ತಾತಾರವರು ಕಾದು ಕುಳಿತವರಲ್ಲ. ಯಾರಲ್ಲಿ ಯಾವುದು ಉಂಟೋ ಅದನ್ನು ಅವರಿಂದ ಪಡೆದು, ಉಳಿದುದನ್ನು ಮತ್ತೊಬ್ಬರಿಂದ ತುಂಬಿಸಿಕೊಂಡರು.

ಎರಡನೆಯ ಪಾಠವು ಕೂಲಿಕಾರರ ವಿಷಯದ್ದು. ನಾಗಪುರದ ಜನರಿಗೆ ಗಿರಣಿಯ ಗಂಟೆಗೆ ಸರಿಯಾಗಿ ದುಡಿಯುವ ರೂಢಿ ಇರಲಿಲ್ಲ. ಹಬ್ಬ ಬಂದರೆ, ಮನೆಯಲ್ಲಿ ಮದುವೆ ಮುಂಜಿಗಳಾದರೆ, ಕೆಲಸಕ್ಕೆ ಬರುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಐವರಲ್ಲಿ ಒಬ್ಬರು ಗೈರುಹಾಜರಾಗುತ್ತಿದ್ದರು. ಜುಲ್ಮಾನೆ ಹಾಕುವುದು ಅಂದಿನ ಮಾಲಿಕರಿಗೆ ಸುಲಭವಾಗಿ ತೋರುತ್ತಿದ್ದ ದಾರಿ. ತಾತಾರವರು ಅದನ್ನು ನೆಚ್ಚದೆ, ಕೆಲಸದಲ್ಲಿ ನಿಲ್ಲುವುದರಿಂದ ಕೂಲಿಕಾರನಿಗೆ ಏನು ಲಾಭವೆಂದು ಯೋಚಿಸಿದರು. ಕ್ರಮವಾಗಿ ಬಂದವರಿಗೆ ಬಹುಮಾನಗಳು ದೊರೆತುವು. 1886ರಲ್ಲಿ ವೃದ್ಧಾಪ್ಯದ ನೆರವಿಗೆ ಪಿಂಚಣಿ ನಿಧಿಯು ಏರ್ಪಟ್ಟಿತು. 1895ರಿಂದ ಅಪಘಾತಕ್ಕೀಡಾದವರಿಗೆ ಪರಿಹಾರ ಧನ ಸಲ್ಲತೊಡಗಿತು. ಅಪಘಾತ ಪರಿಹಾರದ ಶಾಸನವು ನಮ್ಮ ದೇಶದಲ್ಲಿ 1923ರಲ್ಲಿಯೂ, ಭವಿಷ್ಯನಿಧಿಯ ಶಾಸನವು 1952ರಲ್ಲಿಯೂ ಬಂದುವೆಂಬುದನ್ನು ನೆನೆದರೆ ಇದರ ಮಹತ್ವವು ಮನದಟ್ಟಾಗುತ್ತದೆ.

ಇದನ್ನು ಕೇವಲ ದಾನಧರ್ಮವೆಂದು ಹೊಗಳುವುದು ನಮಗೆ ಸಮ್ಮತವಲ್ಲ. ಪಳಗಿದ ಕೈ ಬಿಟ್ಟುಹೋದರೆ ಹೊಸಬನನ್ನು ತಿದ್ದುವ ವೆಚ್ಚವು ಗಿರಣಿಯ ಮೇಲೆಯೇ ಬೀಳುವುದಷ್ಟೆ. ತಾತಾರವರು ಲೆಕ್ಕ ಬಲ್ಲ ವರ್ತಕರಾಗಿದ್ದರು. ಅವರ ಕಾಲವನ್ನು ಸ್ವರ್ಗವೆಂದು ಚಿತ್ರಿಸುವುದೂ ಸಲ್ಲದು. ವಯಸ್ಕ ಗಂಡಸರು ಗಿರಣಿಯಲ್ಲಿ ದುಡಿಯುವ ಅವಧಿಗೆ 1911ರವರೆಗೆ ಕಾನೂನಿನ ಮಿತಿಯೇ ಇರಲಿಲ್ಲ. ಆದರೂ ಕಾನೂನು ಕೇಳದಿದ್ದುದನ್ನು ಅವರು ತಾವಾಗಿ ಕೊಟ್ಟರೆಂಬುದು ನಿರ್ವಿವಾದ.

ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿದಾಗಲೂ ಅವರು ಇದೇ ನೀತಿಯನ್ನು ಅನುಸರಿಸಿದರು. ನಮ್ಮವರಿಗೆ ಕೆಲಸ ಬಾರದೆಂದು ಹಳಿಯದೆ, ಕಲಿಸುವುದಕ್ಕೆ ಜಪಾನಿನಿಂದ ನಿಪುಣರನ್ನು ಬರಮಾಡಿಕೊಂಡರು. ಅವರು ಸಂಕಲ್ಪಿಸಿದ ವಿಜ್ಞಾನಮಂದಿರಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. ಅದು 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಉಕ್ಕಿನ ಕಾರಖಾನೆಯ ನೆಲೆಯು ಗೊತ್ತಾಗುವುದಕ್ಕೆ ಮೊದಲೇ, 1902ರಲ್ಲಿ, ಅಲ್ಲಿ ದುಡಿಯುವವರ ಊರಿನಲ್ಲಿ ಅಗಲವಾದ ಬೀದಿಗಳೂ ನೆರಳಿನ ಮರಗಳೂ ಆಟದ ಬಯಲುಗಳೂ ಎಲ್ಲ ಮತದವರ ಪೂಜಾಸ್ಥಾನಗಳೂ ಇರತಕ್ಕದ್ದೆಂದು ಮಗ ದೊರಾಬ್‌ಜಿಯವರಿಗೆ ಬರೆದು ತಿಳಿಸಿದರು. ಅದನ್ನು ಕಣ್ಣಾರೆ ಕಾಣುವ ಯೋಗ ಅವರಿಗಿರಲಿಲ್ಲ. 1904ನೆಯ ಮೇ 19ರಂದು ಜರ್ಮನಿಯಲ್ಲಿ ಅವರು ದಿವಂಗತರಾದರು. ಆ ಊರಿಗೆ 1919ರಲ್ಲಿ ಜಮ್‌ಶೇಡ್‌ಪುರವೆಂಬ ಹೆಸರಾಯಿತು.

ಎಂಪ್ರೆಸ್ ಗಿರಣಿಯು ಈಗ ಮುಚ್ಚಿಹೋಗಿದೆ. ಪಾಠವು ಮಾತ್ರ ಹಳತಾಗಿಲ್ಲ. ನೌಕರನಿಂದ ನಿಯಮಿತ ಹೊತ್ತಿನ ಪ್ರಾಮಾಣಿಕ ದುಡಿಮೆಯನ್ನು ಕೇಳುವುದು ಯಜಮಾನನ ಹಕ್ಕು. ಅದಕ್ಕಿಂತ ಹೆಚ್ಚಿನದು ಬೇಕಾದರೆ, ಅದಕ್ಕಿಂತ ಹೆಚ್ಚಿನದನ್ನು ತಾನು ಮೊದಲು ಕೊಡಬೇಕು. ನಮ್ಮ ಉದ್ಯಮಶೀಲರು ಆಳುಗಳನ್ನು ದೂರುವುದಕ್ಕೆ ಮುನ್ನ ತಮ್ಮ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೂಲಿಯಲ್ಲದೆ ಮತ್ತೇನಿದೆಯೆಂದು ಒಮ್ಮೆ ನೋಡಿಕೊಳ್ಳಲಿ.