ಅಂಗಳವೇ ಶಾಲೆಯಾದ ಬಗೆ: ಅನುತಾಯಿ ವಾಘ್

ಪುಣೆ ಜಿಲ್ಲೆಯ ಜೇಜುರಿ ಕನ್ನಡಿಗರಿಗೆ ಅಪರಿಚಿತ ಕ್ಷೇತ್ರವಲ್ಲ. ಮರಾಠಿಗರ ಖಂಡೋಬಾ ಕನ್ನಡ ನಾಡಿನ ಮೈಲಾರಲಿಂಗನೇ ಆದುದರಿಂದ ಉತ್ತರ ಕರ್ನಾಟಕದ ಅನೇಕ ಮನೆತನಗಳು ತಲೆಮಾರುಗಳಿಂದ ಆ ಗುಡ್ಡದ ಮೆಟ್ಟಿಲುಗಳನ್ನೇರಿ ಭಂಡಾರ ತೂರಿ ಬಂದಿವೆ. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಸ್ನಾನಕ್ಕಿಳಿಯುವುದು ಕರ್ಹಾ ನದಿಗೆ. ಅದೇ ನದಿಯ ದಂಡೆಯಲ್ಲಿ, ಜೇಜುರಿಗೆ ಪೂರ್ವದಲ್ಲಿ, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಮೊದಲನೆಯದೆನಿಸಿದ ಮೋರಗಾಂವ್ ಇದೆ. ಅನುತಾಯಿ ವಾಘ್ ಹುಟ್ಟಿದ್ದು ಆ ಊರಿನಲ್ಲಿ, 1910ರ ಮಾರ್ಚ್ 17ರಂದು. ಕ್ಷೇತ್ರದರ್ಶನಕ್ಕೆ ಹೋದವರಲ್ಲಿ ಈ ಹೆಸರನ್ನು ಕೇಳಿ ಬಂದವರು ವಿರಳ.

ಹದಿಮೂರನೆಯ ವಯಸ್ಸಿಗೆ ಮದುವೆ. ಆರು ತಿಂಗಳು ತುಂಬುವುದರೊಳಗೆ ವೈಧವ್ಯ. ಆ ಕಾಲದ ಬಾಲವಿಧವೆಯ ಮುಂದೆ ಬಹುಮಟ್ಟಿಗೆ ಇದ್ದುದು ಅಡುಗೆಮನೆಯ ಮೂಲೆಯೊಂದೇ. ಧೋಂಡೋ ಕೇಶವ ಕರ್ವೆಯವರಂಥ ಸುಧಾರಕರ ಶ್ರಮದಿಂದ ಪುಣೆಯ ಸುತ್ತಮುತ್ತ ಇನ್ನೊಂದು ದಾರಿ ತೆರೆದಿತ್ತು: ಶಿಕ್ಷಕಿಯ ವೃತ್ತಿ. ಅನುತಾಯಿ ಆ ದಾರಿಯನ್ನು ಹಿಡಿದರು. ಪುಣೆಯಲ್ಲಿ ತರಬೇತಿ ಮುಗಿಸಿ ನಾಸಿಕ ಜಿಲ್ಲೆಯ ಚಾಂದವಡದಲ್ಲಿಯೂ ಅನಂತರ ಪುಣೆಯ ಹುಜೂರಪಾಗಾ ಶಾಲೆಯಲ್ಲಿಯೂ ಪಾಠ ಹೇಳಿದರು. ಹಗಲು ಕಲಿಸುತ್ತ, ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು. ಅವರ ಚರಿತ್ರೆಯನ್ನು ಹೇಳುವವರು ಈ ವರ್ಷಗಳನ್ನು ಬೇಗ ದಾಟಿಬಿಡುವುದುಂಟು. ಆದರೆ ಸಾಲುಬೆಂಚು, ಬಾಯಿಪಾಠ, ಬೆತ್ತಗಳ ಶಾಲೆಯನ್ನು ಒಳಗಿನಿಂದ ಬಲ್ಲವರಿಗೇ ಅದರಾಚೆಗಿನ ಶಾಲೆಯ ಅಗತ್ಯ ಚೆನ್ನಾಗಿ ತಿಳಿಯುತ್ತದೆ.

1945ರಲ್ಲಿ ಅವರು ಬೋರ್ಡಿಗೆ ಹೋಗಿ ತಾರಾಬಾಯಿ ಮೋಡಕರ ಸಹೋದ್ಯೋಗಿಯಾದರು. ತಾರಾಬಾಯಿಯವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾರೊಡನೆ ದುಡಿದವರು. 1926ರಲ್ಲಿ ಸ್ಥಾಪಿತವಾದ ನೂತನ ಬಾಲ ಶಿಕ್ಷಣ ಸಂಘದ ಜೀವಾಳ. ಮಾಂಟೆಸೊರಿ 1907ರಲ್ಲಿ ರೋಮಿನ ಬಡಜನರ ಕೇರಿಯಲ್ಲಿ ಆರಂಭಿಸಿದ ಪದ್ಧತಿಯು ಭಾರತಕ್ಕೆ ಬರುವ ಹೊತ್ತಿಗೆ ನಗರದ ಉಳ್ಳವರ ಮಕ್ಕಳ ಪಾಲಾಗಿತ್ತು. ಅದರ ಉಪಕರಣಗಳು ಹಳ್ಳಿಗೆ ಎಟುಕದಷ್ಟು ದುಬಾರಿ. ಬಡಮಗುವಿಗಾಗಿ ಹುಟ್ಟಿದ್ದನ್ನು ಬಡಮಗುವಿಗೆ ಮರಳಿಸುವುದೇ ಬೋರ್ಡಿಯ ಪ್ರಯೋಗದ ತಿರುಳು.

ಶಾಲೆ ತೆರೆದರೆ ಮಕ್ಕಳು ಬರಲಿಲ್ಲ. ಅಸ್ಪೃಶ್ಯರೆನಿಸಿದವರ ಕೇರಿಯಿಂದ ಮಗು ಊರೊಳಗಿನ ಶಾಲೆಗೆ ನಡೆದುಬರುವುದು ಸುಲಭದ ಮಾತಾಗಿರಲಿಲ್ಲ. ಮಗು ಬಾರದಿದ್ದರೆ ಶಾಲೆಯೇ ಕೇರಿಗೆ ಹೋಗಬೇಕು. ಹೀಗೆ ಯಾರದೋ ಮನೆಯಂಗಳವೇ ತರಗತಿಯಾಯಿತು. ಅಂಗನವಾಡಿ ಎಂಬ ಮಾತಿಗೆ ಅರ್ಥ ಬಂದುದು ಅಲ್ಲಿಂದ. ಅಂಗಳವನ್ನು ಗುಡಿಸುವುದು, ಮಕ್ಕಳ ಮೈತೊಳೆದು ತಲೆಬಾಚಿ ಉಗುರು ಕತ್ತರಿಸುವುದು, ಇವೇ ಮೊದಲ ಪಾಠಗಳು. ಬೆಲೆಬಾಳುವ ಮರದ ತುಂಡುಗಳ ಬದಲು ಕಡಲತೀರದ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂವು, ಜೇಡಿಮಣ್ಣು. ಚಿಪ್ಪುಗಳನ್ನು ಗಾತ್ರಕ್ಕನುಸಾರ ಸಾಲಾಗಿ ಜೋಡಿಸುವ ಮಗು ಹಿರಿದು ಕಿರಿದನ್ನು ತಾನೇ ಕಂಡುಕೊಳ್ಳುತ್ತದೆ. ಬೀಜಗಳನ್ನು ಬೇರ್ಪಡಿಸುವಾಗ ಎಣಿಕೆ ಕೈಗೆ ಹತ್ತುತ್ತದೆ. ಮಣ್ಣು ನಾದುವ ಬೆರಳಿಗೆ ಮುಂದೆ ಬಳಪ ಹಿಡಿಯುವ ಹದ ಒದಗುತ್ತದೆ. ಆಟವೆಂದರೆ ಪಾಠದ ನಡುವಿನ ಬಿಡುವು ಎಂಬ ಎಣಿಕೆಯನ್ನೇ ಈ ಅಂಗಳಗಳು ತಲೆಕೆಳಗು ಮಾಡಿದವು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ವಿಚಾರ ಹೊಸದೆನಿಸದು. ಆದರೆ ದಿನದ ಅನ್ನಕ್ಕೆ ಮಗುವಿನ ದುಡಿಮೆಯನ್ನೂ ನೆಚ್ಚಿದ ಮನೆಗಳ ನಡುವೆ ಅದನ್ನು ನಿಲ್ಲಿಸುವುದು ಬೇರೆಯೇ ಬಗೆಯ ಸಾಹಸ.

ಆ ಸಾಹಸದ ಕಠಿಣ ಭಾಗ ಎದುರಾದುದು 1957ರಲ್ಲಿ ಸಂಸ್ಥೆಯು ವಾರಲಿ ಆದಿವಾಸಿಗಳ ನಡುವಿನ ಕೋಸಬಾಡ ಗುಡ್ಡಕ್ಕೆ ಸ್ಥಳಾಂತರವಾದಾಗ. ಅಲ್ಲಿ ಹುಡುಗಿಯ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು; ಹುಡುಗನ ಮುಂದೆ ದನಗಳಿರುತ್ತಿದ್ದವು. ಕೂಸನ್ನು ಬಿಟ್ಟು ಬಾ ಎಂದರೆ ಹುಡುಗಿ ಬರಲಾರಳು. ಆದುದರಿಂದ ಶಿಶುಮಂದಿರ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದೆಡೆ ಸೇರಿಸಲಾಯಿತು. ವಿಕಾಸವಾಡಿ ಎಂಬ ಕಲ್ಪನೆ ಅದು. ದನಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಕುರಣಶಾಲೆ ನಡೆಯಿತು. ಮಗುವಿನ ದಿನಚರಿಯನ್ನು ಶಾಲೆಗೆ ಬಗ್ಗಿಸದೆ ಶಾಲೆಯನ್ನು ಮಗುವಿನ ದಿನಚರಿಗೆ ಬಗ್ಗಿಸಿದುದು ಅನುತಾಯಿಯವರ ಶಿಕ್ಷಣದೃಷ್ಟಿಯ ಹಿರಿಮೆ. ಹಾಗೆಂದು ದನಕಾಯುವ ಮಗು ದನಕಾಯುತ್ತಲೇ ಇರಬೇಕಾದ ಬಡತನವನ್ನು ಕುರಣಶಾಲೆಯೊಂದೇ ನೀಗಲಾರದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

1973ರ ಆಗಸ್ಟ್ 31ರಂದು ತಾರಾಬಾಯಿ ನಿಧನರಾದರು. ಗುರುವಿನ ನೆರಳಿನಲ್ಲಿ ಬೆಳೆದ ಸಂಸ್ಥೆಗಳು ಗುರುವಿನೊಡನೆ ಸೊರಗುವುದು ಸಾಮಾನ್ಯ, ಕೋಸಬಾಡದಲ್ಲಿ ಹಾಗಾಗಲಿಲ್ಲ. ಅರವತ್ತು ದಾಟಿದ್ದ ಅನುತಾಯಿ ಹೊಣೆ ಹೊತ್ತು ಮುನ್ನಡೆಸಿದರು.

1975ರ ಅಕ್ಟೋಬರ್ 2ರಂದು ಭಾರತ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದು ಬಂದುದು ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿ ಎಂಬ ಹೆಸರು ಹೀಗೆ ಕನ್ನಡದ ಹಳ್ಳಿಹಳ್ಳಿಯ ಮಾತಾಯಿತು. ಹೆಸರಿನೊಡನೆ ಆಹಾರ, ಚುಚ್ಚುಮದ್ದು, ತೂಕದ ತಕ್ಕಡಿ ಬಂದವು. ಹಸಿದ ಮಗುವಿಗೆ ಇವು ಮೊದಲು ಬೇಕಾದವೇ. ಚಿಪ್ಪು, ಬೀಜ, ಜೇಡಿಮಣ್ಣುಗಳು ಅಷ್ಟೇ ನಿಷ್ಠೆಯಿಂದ ಬರಲಿಲ್ಲ.

ಅನುತಾಯಿ ತಮ್ಮ ಅನುಭವಗಳನ್ನು ಕೋಸಬಾಡದ ಗುಡ್ಡದ ಹೆಸರನ್ನೇ ಹೊತ್ತ ಮರಾಠಿ ಆತ್ಮಕಥನದಲ್ಲಿ ಬರೆದಿಟ್ಟರು. 1985ರಲ್ಲಿ ಪದ್ಮಶ್ರೀ ಬಂದಿತು. ಅದಕ್ಕೂ ಮುನ್ನ, 1982ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಅವರು ರಮೇಶ ಪಾನಸೆಯವರೊಡನೆ ಗ್ರಾಮಮಂಗಲ ಎಂಬ ಹೊಸ ಸಂಸ್ಥೆಯನ್ನು ಕಟ್ಟಿ, ಡಹಾಣೂ ತಾಲ್ಲೂಕಿನ ಒಳಭಾಗದ ದಾಭೋಣದ ಮಕ್ಕಳ ನಡುವೆ ಮತ್ತೆ ಮೊದಲಿನಿಂದ ಆರಂಭಿಸಿದ್ದರು. 1992ರ ಸೆಪ್ಟೆಂಬರ್ 27ರಂದು ತೀರಿಕೊಂಡಾಗ ಅವರಿಗೆ 82 ವರ್ಷ.